ಹೆಸರು ಮತ್ತು ಕಾಯಕ: ರೋಮಿನ ರೋಸ್ಕಿಯಸರು, ನಮ್ಮ ಗುಬ್ಬಿಯವರು



ಕಳೆದ ಕಾರ್ತಿಕಮಾಸದಲ್ಲಿ ಭಕ್ತರೊಬ್ಬರ ಮನೆಯ ಪೂಜಾಕಾರ್ಯದ ನಿಮಿತ್ತ ಸಕಲೇಶಪುರ ಸೀಮೆಯ ಹೊಂಗಡಹಳ್ಳಕ್ಕೆ ನಾವು ಹೋಗಬೇಕಾಯಿತು. ಘಟ್ಟದ ಅಂಚಿನ ಊರು. ಇಳಿಜಾರಿನಲ್ಲಿ ಕಾಫಿ, ಏಲಕ್ಕಿ. ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ತಗ್ಗಿನಲ್ಲಿ ಬತ್ತದ ಗದ್ದೆ. ಪೂಜೆ, ಪ್ರಸಾದಗಳು ಮುಗಿದು ಭಕ್ತರೆಲ್ಲ ತಮ್ಮ ತಮ್ಮ ಮನೆಗಳಿಗೆ ತೆರಳಿದ ಮೇಲೆ ಆ ಮನೆಯ ಹಿರಿಯರು ಜಗಲಿಯ ಮೇಲೆ ನಮ್ಮೆದುರು ಕುಳಿತು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಬುದ್ಧಿ, ಮಗ ಪದವಿ ಮುಗಿಸಿ ನಾಟಕದವರ ಜೊತೆ ಸೇರಿದ್ದಾನೆ. ತೋಟ ನೋಡಿಕೊಳ್ಳಲಿಲ್ಲವೆಂದು ನನಗೆ ಬೇಸರವಿಲ್ಲ. ಆದರೆ ನಮ್ಮದು ಪಟೇಲರ ಮನೆ. ಮುಖಕ್ಕೆ ಬಣ್ಣ ಹಚ್ಚಿಕೊಂಡು ಕುಣಿಯುವವನ ಹೆಸರಿನ ಹಿಂದೆ ಈ ಮನೆಯ ಹೆಸರು ಬರಬೇಕೆ? ತಾವೊಂದು ಮಾತು ಹೇಳಿದರೆ ಹುಡುಗ ಕೇಳುತ್ತಾನೆ" ಎಂದರು.

ನಾವು ಆಗ ಏನನ್ನೂ ಹೇಳಲಿಲ್ಲ. "ವಿಚಾರಮಾಡಿ ತಿಳಿಸುತ್ತೇವೆ" ಎಂದಷ್ಟೇ ಹೇಳಿ ಬಂದೆವು. ಸುಮ್ಮನಿದ್ದುದಕ್ಕೆ ಕಾರಣವಿತ್ತು. ಅನೇಕ ವರ್ಷಗಳ ಹಿಂದೆ ವಿದ್ಯಾರ್ಥಿನಿಲಯದ ಹೊಣೆ ಹೊತ್ತಿದ್ದಾಗ ಒಬ್ಬ ಹುಡುಗನು ರಂಗಭೂಮಿಯ ಶಿಕ್ಷಣಕ್ಕೆ ಹೋಗುವೆನೆಂದು ನಮ್ಮಲ್ಲಿ ಆಶೀರ್ವಾದ ಬೇಡಿ ಬಂದಿದ್ದನು. "ಮನೆತನದ ಹೆಸರು ಏನಾಗಬೇಕು? ಮೊದಲು ಒಂದು ನೌಕರಿ ನೋಡಿಕೊ" ಎಂದು ನಾವು ಅವನನ್ನು ಹಿಂದಕ್ಕೆ ಕಳುಹಿಸಿದೆವು. ಅವನು ಎದುರಾಡದೆ ನಮಸ್ಕರಿಸಿ ಹೋದನು. ನೌಕರಿಯನ್ನೂ ಸೇರಿದನು, ನಾಟಕದ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಹೊಂಗಡಹಳ್ಳದ ಹಿರಿಯರು ಆಡಿದ ಮಾತು ನಮ್ಮದೇ ಹಳೆಯ ಮಾತಾಗಿತ್ತು. ಅದು ಸರಿಯಾದ ಮಾತೇ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ಪರೀಕ್ಷಿಸಿ ನೋಡುವುದೇ ಈ ಲೇಖನದ ಉದ್ದೇಶ.

ಹೆಸರು ಸ್ಥಿರವಾದುದೆಂದು ನಾವು ಭಾವಿಸುತ್ತೇವೆ. ಆದರೆ ಆ ಹಿರಿಯರ ಸೀಮೆಯನ್ನೇ ನೋಡಿರಿ. ಹಿಂದೆ ಅದು ಐಗೂರು ಪಾಳೆಯಗಾರರ ಬಲಂ ಸೀಮೆ. ಟಿಪ್ಪು ಸುಲ್ತಾನನು 1792ರಲ್ಲಿ ಅಲ್ಲಿ ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯನ್ನು ಪೂರೈಸಿದನು. ಮಂಜು ಮುಸುಕಿದ ಆ ಸ್ಥಳಕ್ಕೆ ಅವನಿಂದಲೇ ಮಂಜರಾಬಾದ್ ಎಂಬ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಬಹುಕಾಲ ತಾಲ್ಲೂಕಿಗೂ ಅದೇ ಹೆಸರಿತ್ತು, ಈಗ ಸಕಲೇಶಪುರವೆನ್ನುತ್ತೇವೆ. ಬೆಟ್ಟ ಅದೇ, ಹೊಳೆ ಅದೇ. ಹೆಸರು ಮಾತ್ರ ಮೂರು. ನೆಲದ ಹೆಸರೇ ಹೀಗೆ ಬದಲಾಗುವಾಗ ಮನುಷ್ಯರ ಹೆಸರಿನ ಮಾತೇನು?

ಮನೆತನದ ಹೆಸರಿಗೆ ಪ್ರಾಚೀನ ರೋಮನರು ಕೊಟ್ಟಷ್ಟು ಬೆಲೆಯನ್ನು ಕೊಟ್ಟ ಜನಾಂಗಗಳು ವಿರಳ. ರೋಮಿನ ಪೌರನಿಗೆ ಸಾಮಾನ್ಯವಾಗಿ ಮೂರು ಹೆಸರುಗಳು. ಮೊದಲನೆಯದು ಮನೆಯವರು ಕರೆಯುವ ಹೆಸರು; ನಡುವಿನದು ಕುಲನಾಮ; ಕೊನೆಯದು ಆ ಕುಲದ ಒಂದು ಕವಲಿಗೆ ಅಂಟಿದ ಉಪನಾಮ. ನಡುವಿನ ಹೆಸರಿಗೇ ಹೆಚ್ಚಿನ ಗೌರವ. ಬಂಧಮುಕ್ತನಾದ ದಾಸನು ಸಹ ತನ್ನ ಹಳೆಯ ಒಡೆಯನ ಕುಲನಾಮವನ್ನೇ ಧರಿಸುತ್ತಿದ್ದನು. ಆದ್ದರಿಂದ ಒಂದು ಕುಲನಾಮದ ಕೆಳಗೆ ಒಡೆಯನೂ, ಅವನ ಆಳಾಗಿದ್ದವನೂ, ದೂರದ ಊರಿನ ಒಕ್ಕಲಿಗನೂ ಒಟ್ಟಿಗೆ ನಿಲ್ಲುತ್ತಿದ್ದರು. ಅಂಥ ಕುಲನಾಮಗಳಲ್ಲಿ ಒಂದು ರೋಸ್ಕಿಯಸ್.

ಈ ಹೆಸರಿನವರಲ್ಲಿ ಇತಿಹಾಸವು ಮೊದಲು ಕಾಣಿಸುವವನು ಒಬ್ಬ ರಾಯಭಾರಿ. ರೋಮಿನ ಅಧೀನದಲ್ಲಿದ್ದ ಫಿಡೇನೆ ಎಂಬ ಊರು ಕ್ರಿ.ಪೂ. 438ರಲ್ಲಿ ತಿರುಗಿಬಿದ್ದಾಗ ಕಾರಣ ವಿಚಾರಿಸಲು ಹೋದ ನಾಲ್ವರು ರಾಯಭಾರಿಗಳನ್ನು ಅಲ್ಲಿ ಕೊಲ್ಲಲಾಯಿತು. ಅವರಲ್ಲೊಬ್ಬನು ಲೂಸಿಯಸ್ ರೋಸ್ಕಿಯಸ್. ರೋಮಿನ ಜನರು ಆ ನಾಲ್ವರ ಪ್ರತಿಮೆಗಳನ್ನು ಭಾಷಣವೇದಿಕೆಯ ಬಳಿ ನಿಲ್ಲಿಸಿದರು. ರಾಷ್ಟ್ರಕ್ಕಾಗಿ ಪ್ರಾಣವಿತ್ತವನ ಹೆಸರು. ಇದಕ್ಕಿಂತ ಮಿಗಿಲಾದ ಆರಂಭ ಯಾವ ಮನೆತನಕ್ಕೆ ಬೇಕು?

ಮುನ್ನೂರೈವತ್ತು ವರ್ಷಗಳನ್ನು ದಾಟಿ ಬರೋಣ. ಕ್ರಿ.ಪೂ. 80. ಸರ್ವಾಧಿಕಾರಿ ಸುಲ್ಲಾನ ಕಾಲ. ಶತ್ರುಗಳೆಂದು ಪಟ್ಟಿಯಲ್ಲಿ ಹೆಸರು ಬರೆಸಿ, ಕೊಲ್ಲಿಸಿ, ಅವರ ಆಸ್ತಿಯನ್ನು ಹರಾಜು ಹಾಕುತ್ತಿದ್ದ ದಾರುಣ ದಿನಗಳವು. ಅಮೇರಿಯ ಎಂಬ ಊರಿನ ಸೆಕ್ಸ್ಟಸ್ ರೋಸ್ಕಿಯಸ್ ಎಂಬ ಶ್ರೀಮಂತನು ರೋಮಿನ ಬೀದಿಯಲ್ಲಿ ರಾತ್ರಿ ಕೊಲೆಯಾದನು. ಪಟ್ಟಿಯ ಅವಧಿ ಮುಗಿದಿದ್ದರೂ ಸತ್ತವನ ಹೆಸರನ್ನು ಅದರಲ್ಲಿ ಸೇರಿಸಿ, ಸುಲ್ಲಾನ ಆಪ್ತನಾದ ಕ್ರಿಸೋಗೋನಸನು 60 ಲಕ್ಷ ಸೆಸ್ಟರ್ಸ್ ಬೆಲೆಬಾಳುವ ಆಸ್ತಿಯನ್ನು ಕೇವಲ 2,000ಕ್ಕೆ ಕೊಂಡನು. ಇಷ್ಟು ಸಾಲದೆಂಬಂತೆ, ಸತ್ತವನ ಮಗನ ಮೇಲೆಯೇ ಪಿತೃಹತ್ಯೆಯ ಆರೋಪವನ್ನು ಹೊರಿಸಲಾಯಿತು. ಆ ಅಪರಾಧಕ್ಕೆ ರೋಮಿನಲ್ಲಿ ಚೀಲದೊಳಗೆ ಹೊಲಿದು ನೀರಿಗೆಸೆಯುವ ಶಿಕ್ಷೆ.

ಮಗನ ಹೆಸರೂ ಸೆಕ್ಸ್ಟಸ್ ರೋಸ್ಕಿಯಸ್. ಅವನ ಪರವಾಗಿ ನಿಂತವನು ಆಗಿನ್ನೂ 26ರ ತರುಣನಾಗಿದ್ದ ಸಿಸೆರೊ. ವಾದಿಯು ಆ ಮಗನ ಮೇಲೆ ಹೊರಿಸಿದ ದೋಷಗಳಲ್ಲಿ ಒಂದು, ಅವನು ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದನೆಂಬುದು. ತಂದೆಗೆ ಮಗನ ಮೇಲೆ ಪ್ರೀತಿಯಿಲ್ಲದ್ದರಿಂದಲೇ ಅವನನ್ನು ಹೊಲದಲ್ಲಿ ಬಿಟ್ಟಿದ್ದನೆಂದು ವಾದ! ಬೇಸಾಯವು ಗೌರವದ ಬಾಳೆಂದೂ, ರೋಮನ್ನು ಕಟ್ಟಿದ ಹಿರಿಯರು ನೇಗಿಲಿನ ಹಿಂದಿನಿಂದಲೇ ಬಂದವರೆಂದೂ ಸಿಸೆರೊ ಉತ್ತರಿಸಿದನು. ಹೊಂಗಡಹಳ್ಳದ ಹಿರಿಯರಿಗೆ ಈ ಭಾಗ ಪ್ರಿಯವಾದೀತು. ಆದರೆ ಮುಂದಿನ ಸಂಗತಿಯನ್ನು ಅವರು ಮನಸ್ಸಿಟ್ಟು ಓದಬೇಕು. ಸತ್ತವನ ಆಸ್ತಿಯಲ್ಲಿ ಪಾಲು ಪಡೆದವರು, ಮಗನನ್ನು ಹೊರಗಟ್ಟಲು ನೆರವಾದವರು ಎಂದು ಸಿಸೆರೊ ಬೆರಳೆತ್ತಿ ತೋರಿಸಿದ ಇಬ್ಬರು ಯಾರು? ಟೈಟಸ್ ರೋಸ್ಕಿಯಸ್ ಮ್ಯಾಗ್ನಸ್, ಟೈಟಸ್ ರೋಸ್ಕಿಯಸ್ ಕ್ಯಾಪಿಟೊ. ಅದೇ ಊರು, ಅದೇ ಕುಲನಾಮ. ಕೊಲೆಯಾದವನೂ ರೋಸ್ಕಿಯಸ್, ಕೊರಳಿಗೆ ಉರುಳು ಬಂದವನೂ ರೋಸ್ಕಿಯಸ್, ಉರುಳು ಹೆಣೆದವರೆಂದು ಹೆಸರಿಸಲ್ಪಟ್ಟವರೂ ರೋಸ್ಕಿಯಸರೇ. ಮಗನು ಬಿಡುಗಡೆ ಹೊಂದಿದನು. ಆದರೆ ಕುಲದ ಹೆಸರು ಅವನನ್ನು ಕಾಪಾಡಲಿಲ್ಲ. ಕುಲದ ಹೊರಗಿನವನಾದ ಒಬ್ಬ ನ್ಯಾಯವಾದಿಯ ಧೈರ್ಯ ಕಾಪಾಡಿತು.

ಮೂರನೆಯವನು ಲೂಸಿಯಸ್ ರೋಸ್ಕಿಯಸ್ ಓಥೊ. ಕ್ರಿ.ಪೂ. 67ರಲ್ಲಿ ಜನರ ಪ್ರತಿನಿಧಿಯಾಗಿದ್ದ ಇವನು ನಾಟಕಶಾಲೆಗೆ ಸಂಬಂಧಿಸಿದ ಒಂದು ಶಾಸನವನ್ನು ತಂದನು. ನಾಟಕವಾಡಲಿಕ್ಕಲ್ಲ, ನೋಡಲಿಕ್ಕೆ! ಶಾಸನಸಭೆಯ ಹಿರಿಯರ ಹಿಂದಿನ 14 ಸಾಲುಗಳು ಕುಲೀನ ಅಶ್ವಾರೋಹಿ ವರ್ಗಕ್ಕೆ ಮೀಸಲು, ಉಳಿದ ಜನರು ಅದರ ಹಿಂದೆ, ಎಂಬುದೇ ಆ ಶಾಸನ. ಕ್ರಿ.ಪೂ. 63ರಲ್ಲಿ ಓಥೊ ನಾಟಕಶಾಲೆಗೆ ಬಂದಾಗ ಜನರು ಛೀಮಾರಿ ಹಾಕಿದರು, ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು, ಗದ್ದಲವಾಯಿತು. ಆ ವರ್ಷ ಕಾನ್ಸಲ್ ಆಗಿದ್ದ ಸಿಸೆರೊ ಜನರನ್ನು ಒಂದು ದೇವಾಲಯಕ್ಕೆ ಕರೆದೊಯ್ದು ಗದರಿಸಿ ಸಮಾಧಾನಪಡಿಸಬೇಕಾಯಿತು.

ಇನ್ನು ನಾಲ್ಕನೆಯವನು. ಈ ಕುಲನಾಮವು ಇಂದು ಜಗತ್ತಿನ ನೆನಪಿನಲ್ಲಿ ಉಳಿದಿರುವುದು ಮುಖ್ಯವಾಗಿ ಇವನೊಬ್ಬನಿಂದ. ಇವನೇ ಕ್ವಿಂಟಸ್ ರೋಸ್ಕಿಯಸ್ ಗ್ಯಾಲಸ್ ಎಂಬ ನಟ. ರೋಮಿನ ಬಳಿಯ ಲಾನುವಿಯಮ್ ಸೀಮೆಯಲ್ಲಿ ಬೆಳೆದವನು. ತೊಟ್ಟಿಲಲ್ಲಿ ಮಲಗಿದ್ದಾಗ ಹಾವೊಂದು ಮಗುವನ್ನು ಸುತ್ತಿಕೊಂಡಿದ್ದುದನ್ನು ಕಂಡು ದಾದಿ ಕಿರುಚಿಕೊಂಡಳೆಂದೂ, ಮುಂದೆ ಇವನಷ್ಟು ಕೀರ್ತಿವಂತನು ಇರಲಾರನೆಂದು ನಿಮಿತ್ತಜ್ಞರು ನುಡಿದರೆಂದೂ ಒಂದು ಕಥೆಯಿದೆ. ಸರ್ಪವು ಹೆಡೆಯೆತ್ತಿ ನೆರಳುಮಾಡಿದ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವೆನಿಸುವುದಿಲ್ಲ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಾಟಕವೆಂದರೆ ಪ್ರಾಣ ಬಿಡುತ್ತಿದ್ದ ರೋಮನರು ನಟನನ್ನು ಮಾತ್ರ ಹೀನವಾಗಿ ಕಾಣುತ್ತಿದ್ದರು. ಸಂಬಳಕ್ಕೆ ರಂಗವೇರಿದವನಿಗೆ ಪೌರಗೌರವಗಳಿಲ್ಲ, ಅಧಿಕಾರಸ್ಥಾನಗಳಿಲ್ಲ. ಅಂಥ ವೃತ್ತಿಯಲ್ಲಿದ್ದ ರೋಸ್ಕಿಯಸನಿಗೆ ಸುಲ್ಲಾ ಚಿನ್ನದ ಉಂಗುರವನ್ನು ಕೊಟ್ಟು ಅಶ್ವಾರೋಹಿ ವರ್ಗಕ್ಕೆ ಏರಿಸಿದನು. ಹಿಂದಿನ ಹತ್ತು ವರ್ಷಗಳಲ್ಲಿ 60 ಲಕ್ಷ ಸೆಸ್ಟರ್ಸ್ ಗಳಿಸಬಹುದಾಗಿದ್ದರೂ ಅವನು ಅದನ್ನು ಬಯಸಲಿಲ್ಲವೆಂದು ಸಿಸೆರೊ ನ್ಯಾಯಾಲಯದಲ್ಲಿಯೇ ಹೇಳಿದ್ದಾನೆ. ಒಂದೇ ಮೊತ್ತ, ಒಂದೇ ಕುಲನಾಮ: ಒಂದೆಡೆ 60 ಲಕ್ಷಕ್ಕಾಗಿ ಬಂಧುವಿನ ಮನೆ ಮುರಿದವರು, ಇನ್ನೊಂದೆಡೆ 60 ಲಕ್ಷವನ್ನು ಬೇಡವೆಂದವನು. ಹೀನವೆನಿಸಿದ ವೃತ್ತಿ ಯಾರದು, ಹೀನವಾದ ನಡತೆ ಯಾರದು, ನೀವೇ ನಿರ್ಣಯಿಸಿರಿ.

ಅವನ ಸಾಧನೆಯ ನಿಷ್ಠೆಯೂ ದೊಡ್ಡದು. ಒಂದೇ ಭಾವವನ್ನು ಸಿಸೆರೊ ಬಗೆಬಗೆಯ ಮಾತುಗಳಲ್ಲಿಯೂ ರೋಸ್ಕಿಯಸನು ಬಗೆಬಗೆಯ ಹಸ್ತಾಭಿನಯಗಳಲ್ಲಿಯೂ ತೋರಿಸುವ ಸ್ಪರ್ಧೆ ಅವರಿಬ್ಬರ ನಡುವೆ ನಡೆಯುತ್ತಿತ್ತಂತೆ. ಅದರಿಂದ ಉತ್ತೇಜಿತನಾಗಿ ಅವನು ವಾಗ್ಮಿತೆಯನ್ನೂ ಅಭಿನಯವನ್ನೂ ಹೋಲಿಸಿ ಒಂದು ಗ್ರಂಥವನ್ನೇ ಬರೆದನು. ವಯಸ್ಸಾದಂತೆ ಕೊಳಲಿನವನಿಗೆ ಲಯವನ್ನು ನಿಧಾನಗೊಳಿಸಲು ಹೇಳುವೆನೆಂದನೇ ಹೊರತು ಅಭಿನಯವನ್ನು ಕೆಡಿಸಲಿಲ್ಲ. ರೋಸ್ಕಿಯಸನು ಅಭಿನಯಿಸುತ್ತಿದ್ದಾಗ ಗದ್ದಲಮಾಡಿದ ಜನರನ್ನು ಸಿಸೆರೊ ಗದರಿಸಿದನೆಂದು ಮ್ಯಾಕ್ರೋಬಿಯಸ್ ಬರೆದಿದ್ದಾನೆ. ಅದು ಓಥೊನ ಮುಂದಿನ ಸಾಲುಗಳ ಗದ್ದಲದ ದಿನವೇ ಇರಬಹುದೆಂದು ವಿದ್ವಾಂಸರ ಊಹೆ. ಹಾಗಿದ್ದರೆ ಅಂದು ಒಬ್ಬ ರೋಸ್ಕಿಯಸನು ಮುಂದಿನ ಸಾಲಿನಲ್ಲಿ ಕುಳಿತು ಜಗಳಕ್ಕೆ ಕಾರಣನಾದನು; ಇನ್ನೊಬ್ಬನು ರಂಗದ ಮೇಲೆ ನಿಂತು ತನ್ನ ಕೆಲಸವನ್ನು ಮಾಡುತ್ತಿದ್ದನು. ಕ್ರಿ.ಪೂ. 62ರ ಹೊತ್ತಿಗೆ ಅವನು ತೀರಿಕೊಂಡಿದ್ದನು. ಮುಪ್ಪಿನಲ್ಲಿ ಸತ್ತರೂ ಅವನಿಗಾಗಿ ಮರುಗದವರಿಲ್ಲವೆಂಬರ್ಥದ ಮಾತನ್ನು ಅದೇ ವರ್ಷ ಸಿಸೆರೊ ಆಡಿದ್ದಾನೆ.

ಅಲ್ಲಿಂದ ಮುಂದೆ ರೋಸ್ಕಿಯಸ್ ಎಂಬುದು ಕುಲನಾಮವಾಗಿ ಉಳಿಯಲಿಲ್ಲ, ಬಿರುದಾಯಿತು. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಹಾನಟ ಡೇವಿಡ್ ಗ್ಯಾರಿಕ್ (1717–1779) ರೋಸ್ಕಿಯಸ್ ಎನಿಸಿಕೊಂಡನು. ನ್ಯೂಯಾರ್ಕಿನಲ್ಲಿ ಹುಟ್ಟಿ, ಕಪ್ಪುವರ್ಣದವನೆಂಬ ಕಾರಣದಿಂದ ತನ್ನ ನಾಡಿನಲ್ಲಿ ರಂಗವನ್ನು ಕಾಣದೆ ಯೂರೋಪಿಗೆ ಹೋದ ಐರಾ ಆಲ್ಡ್ರಿಜ್ (1807–1867) ಒಥೆಲೊ ಪಾತ್ರದಿಂದ ಪ್ರಸಿದ್ಧನಾಗಿ ಆಫ್ರಿಕದ ರೋಸ್ಕಿಯಸ್ ಎಂಬ ಬಿರುದನ್ನು ಹೊತ್ತನು. ರಕ್ತಸಂಬಂಧವಿಲ್ಲ, ಊರ ಸಂಬಂಧವಿಲ್ಲ. ಮಾಡಿದ ಕೆಲಸವೇ ಸಂಬಂಧ.

ಇಷ್ಟು ದೂರ ಹೋಗಿ ಬಂದುದು ನಮ್ಮ ನಾಡಿನ ಒಂದು ಹೆಸರನ್ನು ಹೊಸ ಕಣ್ಣಿನಿಂದ ನೋಡುವುದಕ್ಕಾಗಿ. ರೋಮನರಲ್ಲಿ ಹೆಸರು ಕುಲದಿಂದ ಬಂದರೆ, ನಮ್ಮಲ್ಲಿ ಬಹುಮಟ್ಟಿಗೆ ಊರಿನಿಂದ ಬಂದಿತು. ಹಳೆಯ ಮೈಸೂರಿನವರು ಊರ ಹೆಸರನ್ನು ಮುಂದೆ ಇಡುತ್ತಾರೆ. ಧಾರವಾಡದ ಕಡೆಯವರು ಹಿಂದೆ ಇಡುವುದೂ ಉಂಟು. ಮನಸೂರೆಂಬ ಹಳ್ಳಿಯ ಹೆಸರನ್ನು ನಾಟಕದ ಬಸವರಾಜ ಮನಸೂರರೂ ಸಂಗೀತದ ಮಲ್ಲಿಕಾರ್ಜುನ ಮನಸೂರರೂ (1910–1992) ಹಂಚಿಕೊಂಡರು. ಆ ತಮ್ಮನು ಬಾಲ್ಯದಲ್ಲಿ ಬಣ್ಣ ಹಚ್ಚಿದ್ದು ಅಣ್ಣನ ನಾಟಕ ಮಂಡಳಿಯಲ್ಲಿಯೇ. ಆದರೆ ರೋಸ್ಕಿಯಸರಂತೆ ಬೇರೆಬೇರೆ ಕಾಲದ, ಬೇರೆಬೇರೆ ಬಾಳಿನ ಹಿರಿಯರನ್ನು ಒಂದೇ ಹೆಸರಿನಲ್ಲಿ ಕಾಣಬೇಕಾದರೆ ತುಮಕೂರು ಜಿಲ್ಲೆಯ ಗುಬ್ಬಿಗೆ ಹೋಗಬೇಕು.

ಗುಬ್ಬಿ ಎಂಬುದು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಹಕ್ಕಿಯ ಹೆಸರು. ಗೋಸಲ ಚನ್ನಬಸವೇಶ್ವರರ ಕ್ಷೇತ್ರವೆಂದು ಭಕ್ತರಿಗೆ ಆ ಊರು ಪರಿಚಿತ. ಎಡೆಯೂರಿನ ಸಿದ್ಧಲಿಂಗೇಶ್ವರರಿಗೆ ಗುರುವಾದವರು ಗೋಸಲ ಚನ್ನಬಸವೇಶ್ವರರೆಂಬುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆ ಊರ ಹೆಸರನ್ನು ಸಾಹಿತ್ಯದಲ್ಲಿ ನಿಲ್ಲಿಸಿದವನು ಗುಬ್ಬಿಯ ಮಲ್ಲಣಾರ್ಯ. ವಿಜಯನಗರದ ಕೃಷ್ಣದೇವರಾಯನ ಕಾಲದವನು. ಕನ್ನಡ, ಸಂಸ್ಕೃತ ಎರಡರಲ್ಲಿಯೂ ವಿದ್ವಾಂಸ. 1513ರಲ್ಲಿ 'ಭಾವಚಿಂತಾರತ್ನ'ವನ್ನೂ 1530ರಲ್ಲಿ 'ವೀರಶೈವಾಮೃತ ಪುರಾಣ'ವನ್ನೂ ರಚಿಸಿದನು. ಎರಡನೆಯದರಲ್ಲಿ ಶಿವನ ಇಪ್ಪತ್ತೈದು ಲೀಲೆಗಳ ಜೊತೆಗೆ ಪುರಾತನರ, ಶರಣರ ಚರಿತ್ರೆಗಳು ಬರುತ್ತವೆ. ಚರಿತ್ರೆಯ ಅಭ್ಯಾಸಿಗಳಿಗೆ ಅದೊಂದು ಭಂಡಾರ. ಮೊದಲನೆಯದು ಪಂಚಾಕ್ಷರಿಯ ಮಹಿಮೆಯನ್ನು ಹೇಳುವ ಸತ್ಯೇಂದ್ರಚೋಳನ ಕಥೆ. ಇದೇ ಕಥೆಯನ್ನು ಮುಂದೆ 17ನೆಯ ಶತಮಾನದಲ್ಲಿ ಷಡಕ್ಷರದೇವನು 'ರಾಜಶೇಖರವಿಳಾಸ'ವೆಂಬ ಚಂಪೂಕಾವ್ಯವಾಗಿ ಬೆಳೆಸಿದನು. ರಾಜಕುಮಾರನ ಕುದುರೆಯ ಕಾಲ್ತುಳಿತಕ್ಕೆ ಸಿಕ್ಕಿ ತಿರುಕೊಳವಿನಾಚಿಯೆಂಬ ಬಡವೆಯ ಮಗುವು ಸಾಯುತ್ತದೆ. ಅವಳು ಅರಮನೆಯ ಮುಂದೆ ನಿಂತು ನ್ಯಾಯ ಕೇಳುತ್ತಾಳೆ. ರಾಜನು ವಂಶದ ಹೆಸರನ್ನು, ಸಿಂಹಾಸನದ ಉತ್ತರಾಧಿಕಾರವನ್ನು ನೋಡದೆ ಸ್ವಂತ ಮಗನಿಗೆ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ಶಿವನು ಒಲಿದು ಸತ್ತವರನ್ನು ಎಬ್ಬಿಸುತ್ತಾನೆ. ವಂಶದ ಗೌರವವು ವಂಶದವರನ್ನು ರಕ್ಷಿಸುವುದರಲ್ಲಿಲ್ಲ, ನ್ಯಾಯವನ್ನು ರಕ್ಷಿಸುವುದರಲ್ಲಿದೆಯೆಂಬುದೇ ಈ ಕಥೆಯ ತಿರುಳು.

ಎರಡನೆಯವರು ಗುಬ್ಬಿ ತೋಟದಪ್ಪನವರು (1838–1910). ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿ ಸಂಪಾದಿಸಿದವರು. ಮಕ್ಕಳಿರಲಿಲ್ಲ. ದೂರದೂರುಗಳಿಂದ ಬೆಂಗಳೂರಿಗೆ ಬಂದಿಳಿದವರು ತಂಗಲು ಸ್ಥಳವಿಲ್ಲದೆ ಕಷ್ಟಪಡುವುದನ್ನು ಕಂಡು ರೈಲುನಿಲ್ದಾಣದ ಸಮೀಪದಲ್ಲಿಯೇ ಜಾಗ ಕೊಂಡು ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಸಂಪತ್ತನ್ನೆಲ್ಲ ಧರ್ಮಸಂಸ್ಥೆಗೆ ಒಪ್ಪಿಸಿದರು. ಅದರಿಂದ ನಡೆದ ವಿದ್ಯಾರ್ಥಿನಿಲಯದಲ್ಲಿ ಹಳ್ಳಿಗಾಡಿನ ಎಷ್ಟೋ ಬಡ ಮಕ್ಕಳು ಉಂಡು, ಓದಿ, ದೊಡ್ಡವರಾದರು. ನಮ್ಮ ಮಠದ ವಿದ್ಯಾರ್ಥಿನಿಲಯದಲ್ಲಿ ಓದಿಹೋದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಮೈಸೂರಿನ ಮಹಾರಾಜರಿಂದ ಧರ್ಮಪ್ರವರ್ತಕರೆಂದೂ ಆಂಗ್ಲ ಸರ್ಕಾರದಿಂದ ರಾವ್ ಬಹದ್ದೂರರೆಂದೂ ಮನ್ನಣೆ ಪಡೆದರು. ಮನೆತನವನ್ನು ಮುಂದುವರಿಸಲು ಮಗನಿಲ್ಲದ ಅವರ ಹೆಸರು ಶತಮಾನ ದಾಟಿ ಬಾಳುತ್ತಿದೆ.

ಮೂರನೆಯವರು ಗುಬ್ಬಿ ವೀರಣ್ಣನವರು (1891–1972). ಚಂದಣ್ಣನವರೂ ಅವರ ಗೆಳೆಯರೂ 1884ರಲ್ಲಿ ಗುಬ್ಬಿಯಲ್ಲಿ ನಾಟಕ ಮಂಡಳಿಯೊಂದನ್ನು ಕಟ್ಟಿದಾಗ ಅದಕ್ಕೆ ಇಟ್ಟ ಹೆಸರು ಶ್ರೀ ಚನ್ನಬಸವೇಶ್ವರರದು. ಇದು ನಮ್ಮ ಇಂದಿನ ಪ್ರಶ್ನೆಗೆ ಅತ್ಯಂತ ಮುಖ್ಯವಾದ ಸಂಗತಿ. ಬಣ್ಣ ಹಚ್ಚುವವರು ಗುರುವಿನ ಹೆಸರನ್ನು ಮರೆಮಾಡಲಿಲ್ಲ. ಬಾಗಿಲ ಮೇಲೆ ಬರೆಸಿದರು. ಬಾಲಕನಾಗಿ ಆ ಮಂಡಳಿಯನ್ನು ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ನಾಡನ್ನೇ ನಗಿಸಿದರು. 1934ರ 'ಕುರುಕ್ಷೇತ್ರ'ದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಸ್ತ್ರೀಪಾತ್ರವನ್ನು ಗಂಡಸರೇ ಮಾಡುತ್ತಿದ್ದ ದಿನಗಳಲ್ಲಿ ಸ್ತ್ರೀಯರನ್ನು ರಂಗಕ್ಕೆ ತಂದರು, ಬಿ. ಜಯಮ್ಮನವರಂಥ ಕಲಾವಿದೆ ಅಲ್ಲಿ ಬೆಳಗಿದರು. ಮಕ್ಕಳಿಗಾಗಿ ಪ್ರತ್ಯೇಕ ತಂಡವನ್ನು ನಡೆಸಿದರು. 1945ರಲ್ಲಿ 'ಹೇಮರೆಡ್ಡಿ ಮಲ್ಲಮ್ಮ' ಚಲಚ್ಚಿತ್ರದಿಂದ ಶರಣೆಯ ಚರಿತ್ರೆಯನ್ನು ತೆರೆಗೆ ತಂದರು. 1954ರಲ್ಲಿ ತೆರೆಕಂಡ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಪುರಾತನ ಕಣ್ಣಪ್ಪನಾಗಿ ಕಾಣಿಸಿಕೊಂಡ ತರುಣನು ಅವರ ಮಂಡಳಿಯಲ್ಲಿಯೇ ಬೆಳೆದವನು. ರಾಜಕುಮಾರ್ ಎಂದು ನಾಡು ಆತನನ್ನು ಅರಿತಿತು.

ಇನ್ನೊಂದು ನಿದರ್ಶನ. ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪನಿಯನ್ನು ಸೇರಿದ ಹುಡುಗನೊಬ್ಬನ ಪ್ರತಿಭೆಯನ್ನು ಗುರುತಿಸಿ, ಹೆಚ್ಚಿನ ಓದಿಗಾಗಿ ವೀರಣ್ಣನವರು ಅವನನ್ನು ಕಾಶಿಗೆ ಕಳುಹಿಸಿದರು. ಆ ಹುಡುಗನೇ ಬಿ. ವಿ. ಕಾರಂತ (1929–2002), 1989ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣದ ಮೊದಲ ನಿರ್ದೇಶಕರು. ತೋಟದಪ್ಪನವರು ಛತ್ರದಲ್ಲಿ ಮಾಡಿದ ಕೆಲಸವನ್ನೇ ವೀರಣ್ಣನವರು ನಾಟಕದ ಡೇರೆಯಲ್ಲಿ ಮಾಡಿದರೆಂದರೆ ತಪ್ಪಿಲ್ಲ. ಅವರನ್ನು ಜನರು 'ಕರ್ನಾಟಕಾಂಧ್ರ ನಾಟಕ ಸಾರ್ವಭೌಮ'ರೆಂದರು. 1972ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಲಿಂಗೈಕ್ಯರಾದರು. ಅವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ನಾಲ್ಕು ನೂರು ಪುಟಗಳ ಧರ್ಮಗ್ರಂಥ ಹೇಳಬಹುದಾದುದನ್ನು ಆ ಎರಡು ಪದಗಳು ಹೇಳುತ್ತವೆ.

ಕವಿ, ದಾನಿ, ನಟ: ಮೂವರೂ ಗುಬ್ಬಿಯವರು. ಮೂವರಲ್ಲಿ ಹೆಸರನ್ನು ಬೆಳಗಿದವರು ಯಾರು, ಕೆಡಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ನಾವು ನಗುತ್ತೇವೆ. ಇಂದು ನಾಡಿನ ಯಾವ ಮೂಲೆಯಲ್ಲಿ ಗುಬ್ಬಿ ಎಂದರೂ ಕೇಳಿದವನ ಬಾಯಲ್ಲಿ ಮೊದಲು ಬರುವುದು ವೀರಣ್ಣನವರ ಹೆಸರು. ರೋಸ್ಕಿಯಸ್ ಎಂದಾಗ ರೋಮಿನ ನಟನ ಹೆಸರು ಬರುವಂತೆಯೇ ಇದು.

ನಮ್ಮ ಪರಂಪರೆಯನ್ನೇ ಕೇಳಿದರೆ ಉತ್ತರ ಇನ್ನೂ ಸ್ಪಷ್ಟವಾಗುತ್ತದೆ. 12ನೆಯ ಶತಮಾನದ ಶರಣರಲ್ಲಿ ಚೌಡಯ್ಯನೆಂಬ ಹೆಸರನ್ನು ಹಂಚಿಕೊಂಡವರಲ್ಲಿ ಇಬ್ಬರನ್ನು ನೆನೆಯಿರಿ. ಒಬ್ಬರು ಅಂಬಿಗರ ಚೌಡಯ್ಯ, ಇನ್ನೊಬ್ಬರು ಬಹುರೂಪಿ ಚೌಡಯ್ಯ. ಇವರನ್ನು ಕುಲದಿಂದ ಬೇರ್ಪಡಿಸಲಿಲ್ಲ, ಊರಿನಿಂದ ಬೇರ್ಪಡಿಸಲಿಲ್ಲ, ಕಾಯಕದಿಂದ ಗುರುತಿಸಿದರು. ಒಬ್ಬರು ದೋಣಿ ನಡೆಸಿದರು, ಇನ್ನೊಬ್ಬರು ವೇಷ ಕಟ್ಟಿ ಆಡಿದರು. ಇಬ್ಬರೂ ವಚನಕಾರರು, ಇಬ್ಬರೂ ಶರಣರು. ಜನರನ್ನು ನಗಿಸುವುದೇ ಕಾಯಕವಾಗಿದ್ದ ನಗೆಯ ಮಾರಿತಂದೆಗಳೂ, ಡಕ್ಕೆ ಬಾರಿಸುತ್ತಿದ್ದ ಢಕ್ಕೆಯ ಬೊಮ್ಮಣ್ಣನವರೂ ಅದೇ ಸಾಲಿನಲ್ಲಿ ಕುಳಿತರು. ಅನುಭವಮಂಟಪದಲ್ಲಿ ಓಥೊನ 14 ಸಾಲುಗಳಿರಲಿಲ್ಲ. ರೋಮು ತನ್ನ ಮಹಾನಟನೊಬ್ಬನಿಗೆ ಉಂಗುರ ಕೊಟ್ಟು ಮೇಲಕ್ಕೆತ್ತಿಕೊಂಡಿತು; ಆದರೆ ನಟವೃತ್ತಿಯ ಮೇಲಿನ ಕಳಂಕವನ್ನು ಉಳಿಸಿತು. ಶರಣರು ಕಳಂಕವನ್ನೇ ತೊಡೆದುಹಾಕಿದರು. ಬಹುರೂಪಿ ಎಂಬುದು ಚೌಡಯ್ಯನವರಿಗೆ ಮರೆಮಾಚಬೇಕಾದ ವೃತ್ತಿಯಾಗಿ ಉಳಿಯದೆ ಹೆಸರಿನ ಮುಂದಿನ ಭೂಷಣವಾಯಿತು. ಆ ಸಂಪ್ರದಾಯದಲ್ಲಿಯೇ ಏಣಗಿ ಬಾಳಪ್ಪನವರು (1914–2017) ರಂಗದ ಮೇಲೆ ಬಸವಣ್ಣನಾಗಿ ನಿಂತರು.

ಇದನ್ನೆಲ್ಲ ಓದಿದ್ದ ನಾವೇ, ವೇದಿಕೆಗಳ ಮೇಲೆ ಕಾಯಕದ ವಿಷಯವಾಗಿ ಗಂಟೆಗಟ್ಟಲೆ ಮಾತನಾಡಿದ ನಾವೇ, ಎದುರಿಗೆ ಬಂದು ನಿಂತ ಹುಡುಗನಲ್ಲಿ ಬಹುರೂಪಿ ಚೌಡಯ್ಯನವರನ್ನು ಕಾಣದೆ ಹೋದೆವು. ಅವನು ಒಳ್ಳೆಯ ನಟನಾಗುತ್ತಿದ್ದನೋ ಇಲ್ಲವೋ ಅದು ಬೇರೆಯ ಮಾತು. ಮನೆತನದ ಹೆಸರನ್ನು ಮುಂದೊಡ್ಡಿ ಅವನ ದಾರಿಯನ್ನು ಕಟ್ಟಿದುದು ಗುರುಸ್ಥಾನಕ್ಕೆ ಒಪ್ಪುವ ಕೆಲಸವಾಗಿರಲಿಲ್ಲ. ಅವನು ಈ ಪತ್ರಿಕೆಯನ್ನು ಓದುವವನಾದರೆ, ನಮ್ಮ ಈ ಮಾತು ಅವನಿಗೂ ಸಲ್ಲುತ್ತದೆ.

ಇನ್ನು ಹೊಂಗಡಹಳ್ಳದ ಹಿರಿಯರೇ, ತಮಗೆ ಕೊಡಬೇಕಾಗಿದ್ದ ಉತ್ತರ ಇದು. ರಂಗಭೂಮಿಯ ಬಾಳು ಸುಲಭವಲ್ಲ, ಆದಾಯ ನಿಶ್ಚಿತವಲ್ಲ. ಆ ವಿಷಯವಾಗಿ ಮಗನಿಗೆ ಬುದ್ಧಿ ಹೇಳುವ ಹಕ್ಕು ತಂದೆಗಿದೆ. ಊಟ, ವಸತಿ, ದುಶ್ಚಟಗಳ ವಿಷಯವಾಗಿ ಕೇಳಿರಿ. ಪಾಠಕ್ಕೆ ಕುಳಿತಷ್ಟು ಶ್ರದ್ಧೆಯಿಂದ ಅಭ್ಯಾಸಕ್ಕೆ ಕುಳಿತಿದ್ದಾನೆಯೇ ಎಂದು ಕೇಳಿರಿ. ಕೂಡಿ ಆಡುವವರಿಗೆ ಮೋಸಮಾಡದೆ ಪ್ರಾಮಾಣಿಕನಾಗಿದ್ದಾನೆಯೇ ಎಂದೂ ಕೇಳಿರಿ. ಆದರೆ ಮನೆತನದ ಹೆಸರಿನ ಮಾತನ್ನು ಎತ್ತಬೇಡಿರಿ. ತಮ್ಮ ಹಿರಿಯರು ಪಟೇಲರಾಗಿ ಊರಿನ ಕಷ್ಟಸುಖ ನೋಡಿದ್ದರಿಂದ ಆ ಹೆಸರಿಗೆ ಗೌರವ ಬಂದಿತು. ಹೆಸರಿನಿಂದ ಅವರಿಗೆ ಗೌರವ ಬಂದುದಲ್ಲ. ಮಗನೂ ತನ್ನ ಕೆಲಸದಿಂದಲೇ ಅದನ್ನು ಕೂಡಿಸಬೇಕು ಅಥವಾ ಕಳೆಯಬೇಕು. ಅದು ಅವನ ಕೈಯಲ್ಲಿದೆ, ಬಣ್ಣದ ಡಬ್ಬಿಯಲ್ಲಿಲ್ಲ.

ತಾವು ಕೇಳಿಕೊಂಡಂತೆ ನಾವು ಒಂದು ಮಾತು ಹೇಳಿದ್ದೇವೆ. ಆದರೆ ಹುಡುಗನಿಗಲ್ಲ, ತಮಗೆ. ಸುಗ್ಗಿ ಮುಗಿದ ಮೇಲೆ ಅವನ ತಂಡವನ್ನು ಊರಿಗೆ ಕರೆಸಿರಿ. ಕೊಯ್ಲಾದ ಗದ್ದೆಯಲ್ಲಿ ಚಪ್ಪರ ಹಾಕಿಸಿ ಆಡಿಸಿರಿ. ತೋಟದ ಆಳುಗಳೂ, ಊರಿನ ಹಿರಿಯರೂ ಒಂದೇ ಚಾಪೆಯ ಮೇಲೆ ಕುಳಿತು ನೋಡಲಿ. ದಿನ ತಿಳಿಸಿದರೆ ನಾವೂ ಬರುತ್ತೇವೆ.